ಸತ್ತವನ ಮೇಲೆ ಸುಳ್ಳುಸಾಕ್ಷಿ

ಈ ವರ್ಷದ ತಪಸ್ಸುಕಾಲದಲ್ಲಿಯೂ ಆ ಕಥೆ ನನ್ನ ಮೊಬೈಲ್ ಫೋನಿಗೆ ಬಂದಿತು. ಕಳುಹಿಸಿದವರು ಮೂವರು. ಅವರಲ್ಲಿ ಒಬ್ಬರು ಧರ್ಮೋಪದೇಶ ತರಗತಿಯ ಶಿಕ್ಷಕಿ. ಇನ್ನೊಬ್ಬರು ನನ್ನಂತೆಯೇ ಗುರುಮಠದಲ್ಲಿ ಓದಿ ಯಾಜಕದೀಕ್ಷೆ ಪಡೆದವರು. ಕಥೆಯನ್ನು ಓದುಗರಲ್ಲಿ ಬಹುಮಂದಿ ಬಲ್ಲರು. ಸುಡಾನ್ ದೇಶದಲ್ಲಿ ಭೀಕರ ಕ್ಷಾಮ. ಹಸಿವಿನಿಂದ ಕುಸಿದು ನೆಲಕ್ಕೆ ಹಣೆಯೂರಿದ ಒಂದು ಮಗು. ಅದರ ಹಿಂದೆ ಕಾದು ಕುಳಿತ ರಣಹದ್ದು. ಛಾಯಾಗ್ರಾಹಕನೊಬ್ಬ ಚಿತ್ರ ತೆಗೆದು, ಮಗುವನ್ನು ಅಲ್ಲಿಯೇ ಬಿಟ್ಟು, ವಿಮಾನ ಹಿಡಿದು ಹೊರಟುಹೋಗುತ್ತಾನೆ. ಆ ಚಿತ್ರಕ್ಕೆ ದೊಡ್ಡ ಪ್ರಶಸ್ತಿಯೂ ಬರುತ್ತದೆ. ಮುಂದೆ ದೂರದರ್ಶನದ ಕಾರ್ಯಕ್ರಮವೊಂದಕ್ಕೆ ಯಾರೋ ದೂರವಾಣಿ ಮಾಡಿ, ಅಂದು ಅಲ್ಲಿದ್ದ ಹದ್ದುಗಳು ಒಂದಲ್ಲ ಎರಡು, ಎರಡನೆಯದರ ಕೈಯಲ್ಲಿ ಕ್ಯಾಮೆರಾ ಇತ್ತು ಎಂದು ಹೇಳುತ್ತಾರೆ. ಆ ಮಾತಿನ ಇರಿತವನ್ನು ತಾಳಲಾರದೆ ಆತ ಪ್ರಾಣ ಕಳೆದುಕೊಳ್ಳುತ್ತಾನೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ನೀತಿ, ಅದರ ಕೆಳಗೆ ಕೈಮುಗಿದ ಚಿತ್ರ, ಹತ್ತು ಜನರಿಗೆ ಕಳುಹಿಸಿ ಎಂಬ ಅಪ್ಪಣೆ.

ಈ ಕಥೆಯನ್ನು ನಾನೂ ಹೇಳಿದ್ದೇನೆ. 2004ರ ಜುಲೈ ತಿಂಗಳ ಒಂದು ಭಾನುವಾರ, ದಯಾಳು ಸಮಾರಿಯದವನ ಸಾಮತಿಯನ್ನು ವಾಚಿಸಿದ ಮೇಲೆ, ಅದೇ ಪೀಠದಿಂದ ಹೇಳಿದೆ. ಗಾಯಗೊಂಡು ಬಿದ್ದವನನ್ನು ಕಂಡೂ ಕಾಣದಂತೆ ಹಾದುಹೋದ ಯಾಜಕ ಮತ್ತು ಲೇವಿಯನ ಪಕ್ಕದಲ್ಲಿ ಕೆವಿನ್ ಕಾರ್ಟರ್ ಎಂಬಾತನನ್ನು ಮೂರನೆಯವನಾಗಿ ನಿಲ್ಲಿಸಿದೆ. ಇ-ಮೇಲ್ ಮೂಲಕ ಬಂದ ಬರಹವನ್ನು ಮುದ್ರಿಸಿಕೊಂಡು ಇಟ್ಟುಕೊಂಡಿದ್ದೆ. ಅದನ್ನು ಯಾರು ಬರೆದರು, ಅದರಲ್ಲಿ ನಿಜವೆಷ್ಟು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಜನ ಉಸಿರು ಬಿಗಿಹಿಡಿದು ಕೇಳಿದರು. ಅಂದಿನ ಕಾಣಿಕೆಯೂ ಎಂದಿಗಿಂತ ಹೆಚ್ಚಾಗಿತ್ತು ಎಂದು ಕೇಂದ್ರದ ಲೆಕ್ಕ ನೋಡುತ್ತಿದ್ದ ಹಿರಿಯರು ಸಂತೋಷದಿಂದ ತಿಳಿಸಿದರು.

ಆ ಕಾಣಿಕೆಯನ್ನು ನಾವು ಒಬ್ಬ ಸತ್ತವನ ಮಾನವನ್ನು ಮಾರಿ ಸಂಗ್ರಹಿಸಿದೆವು. ಇದಕ್ಕಿಂತ ಮೃದುವಾದ ಮಾತು ನನಗೆ ದೊರೆಯುತ್ತಿಲ್ಲ. ಹತ್ತು ಆಜ್ಞೆಗಳಲ್ಲಿ ಎಂಟನೆಯದು ಬದುಕಿರುವ ನೆರೆಯವನಿಗೆ ಮಾತ್ರ ಅನ್ವಯಿಸುತ್ತದೆಯೇ? ತನ್ನ ಪರವಾಗಿ ಒಂದು ಮಾತನ್ನೂ ಆಡಲಾರದ, ಸಮುದ್ರದಾಚೆಯ ಮಣ್ಣಿನಲ್ಲಿ ಮಲಗಿರುವ ಮನುಷ್ಯನ ವಿಷಯದಲ್ಲಿ ನಮಗೆ ವಿನಾಯಿತಿ ಇದೆಯೇ?

ಯಾರು ಈ ಕಾರ್ಟರ್? 1960ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ, ಬಿಳಿಯರಿಗೆಂದೇ ಮೀಸಲಾದ ಬಡಾವಣೆಯ ಒಂದು ಕುಟುಂಬದಲ್ಲಿ ಹುಟ್ಟಿದವನು. ಹೇಳಿದರೆ ನಮ್ಮವರು ಬೆಚ್ಚಬಹುದು: ಅದು ಕಥೋಲಿಕ ಕುಟುಂಬ. ಅನುಮತಿ ಪತ್ರವಿಲ್ಲದೆ ಬಿಳಿಯರ ಬಡಾವಣೆಯಲ್ಲಿ ವಾಸವಾಗಿದ್ದ ಕರಿಯರನ್ನು ಪೊಲೀಸರು ಎಳೆದೊಯ್ಯುವುದನ್ನು ಆತ ಬಾಲ್ಯದಲ್ಲಿಯೇ ಕಂಡನು. ಉದಾರ ಮನಸ್ಸಿನವರೆಂದು ಹೇಳಿಕೊಳ್ಳುವ, ದೇವರಿಗೆ ಅಂಜುವ ತನ್ನ ಹೆತ್ತವರು ಈ ಅನ್ಯಾಯದ ವಿರುದ್ಧ ಏಕೆ ಏಳುವುದಿಲ್ಲ ಎಂಬ ಪ್ರಶ್ನೆ ಅವನನ್ನು ಕಾಡಿತು. ಇಂಥ ಪ್ರಶ್ನೆಯನ್ನು ನಮ್ಮ ಮಕ್ಕಳೂ ಕೇಳುತ್ತಾರೆ. ನಾವು ಜಪಸರ ಹಿಡಿಯಲು ಹೇಳಿ ಸುಮ್ಮನಾಗಿಸುತ್ತೇವೆ. ಕಡ್ಡಾಯ ಸೈನಿಕ ಸೇವೆಯಲ್ಲಿದ್ದಾಗ, 1980ರಲ್ಲಿ, ಊಟದ ಮನೆಯ ಕರಿಯ ಸೇವಕನೊಬ್ಬನನ್ನು ಇತರರು ಅವಮಾನಿಸಿದರು. ಕಾರ್ಟರ್ ಅವನ ಪರ ನಿಂತನು. ಜೊತೆಯ ಬಿಳಿಯ ಸೈನಿಕರು ಅವನನ್ನು ಚೆನ್ನಾಗಿ ಥಳಿಸಿದರು. ಬಿದ್ದವನನ್ನು ಕಂಡು ಹಾದುಹೋಗುವವನ ಪಟ್ಟಿಯಲ್ಲಿ ನಾನು ಸೇರಿಸಿದ್ದು ಈ ಮನುಷ್ಯನನ್ನು.

1983ರಲ್ಲಿ ಪ್ರಿಟೋರಿಯ ನಗರದ ಚರ್ಚ್ ರಸ್ತೆಯಲ್ಲಿ ಬಾಂಬು ಸಿಡಿದು ಹತ್ತೊಂಬತ್ತು ಮಂದಿ ಸತ್ತರು. ಅದನ್ನು ಕಂಡ ಮೇಲೆ ಆತ ಸುದ್ದಿ ಛಾಯಾಗ್ರಾಹಕನಾಗಲು ನಿರ್ಧರಿಸಿದನು. ಮೊದಲು ವಾರಾಂತ್ಯದ ಕ್ರೀಡಾಕೂಟಗಳ ಚಿತ್ರ, ಅನಂತರ ಜೊಹಾನ್ಸ್‌ಬರ್ಗಿನ 'ಸ್ಟಾರ್' ಪತ್ರಿಕೆ. ವರ್ಣಭೇದದ ಸರ್ಕಾರ ತನ್ನ ಕೊನೆಯ ವರ್ಷಗಳಲ್ಲಿ ಕರಿಯರ ಬಡಾವಣೆಗಳನ್ನು ರಣರಂಗವಾಗಿಸಿತ್ತು. ಪೊಲೀಸರ ಗುಂಡು ಒಂದು ಕಡೆ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮತ್ತು ಇಂಕಾತಾ ಪಕ್ಷದ ಬೆಂಬಲಿಗರ ನಡುವಿನ ಕಗ್ಗೊಲೆ ಇನ್ನೊಂದು ಕಡೆ. ಪೊಲೀಸರ ಗೂಢಚಾರನೆಂದು ಶಂಕಿಸಿದವರ ಕೊರಳಿಗೆ ಪೆಟ್ರೋಲ್ ತುಂಬಿದ ಟಯರು ಹಾಕಿ ಬೆಂಕಿ ಇಡುತ್ತಿದ್ದರು. ಇಂತಹ ಕೊಲೆಯ ಚಿತ್ರವನ್ನು ಮೊದಲು ತೆಗೆದವರಲ್ಲಿ ಕಾರ್ಟರ್ ಒಬ್ಬನು. ಅವರು ಮಾಡುತ್ತಿದ್ದುದನ್ನು ಕಂಡು ಹೇಸಿದೆ, ನಾನು ಮಾಡುತ್ತಿದ್ದುದನ್ನು ಕಂಡೂ ಹೇಸಿದೆ, ಆದರೆ ಚಿತ್ರಗಳನ್ನು ನೋಡಿ ಜನ ಮಾತನಾಡತೊಡಗಿದಾಗ ಅದು ಪೂರಾ ಕೆಟ್ಟದ್ದಲ್ಲವೇನೋ ಎನಿಸಿತು ಎಂಬರ್ಥದಲ್ಲಿ ಆತ ಮುಂದೆ ಹೇಳಿಕೊಂಡನು. ಕಾರ್ಟರನನ್ನು ನಿರ್ಲಜ್ಜನೆಂದು ಕರೆಯುವವರು ಈ ಮಾತನ್ನು ಓದಿರಲಾರರು.

ಬೆಳಕು ಹರಿಯುವ ಮುನ್ನವೇ ಆ ಬಡಾವಣೆಗಳಿಗೆ ಹೋಗುತ್ತಿದ್ದ ನಾಲ್ವರು ಗೆಳೆಯರಿದ್ದರು: ಕಾರ್ಟರ್, ಕೆನ್ ಊಸ್ಟರ್‌ಬ್ರೂಕ್, ಗ್ರೆಗ್ ಮರಿನೋವಿಚ್, ಜುವಾವೊ ಸಿಲ್ವಾ. ಗುಂಡಿನ ಸದ್ದನ್ನು ಅನುಕರಿಸಿ ಜನ ಅವರನ್ನು 'ಬ್ಯಾಂಗ್-ಬ್ಯಾಂಗ್ ಕ್ಲಬ್' ಎಂದರು. ಬಿಳಿಯರ ಬಡಾವಣೆಗಳ ಉಪಾಹಾರದ ಮೇಜಿನ ಮೇಲೆ ಬಂದು ಬಿದ್ದ ಆ ಚಿತ್ರಗಳು ಇಲ್ಲದಿದ್ದರೆ, ಹತ್ತು ಕಿಲೋಮೀಟರ್ ಆಚೆ ನಡೆಯುತ್ತಿರುವುದು ನಮಗೆ ತಿಳಿದಿರಲಿಲ್ಲ ಎಂದು ಹೇಳಲು ಅಲ್ಲಿನ ಭಕ್ತ ಕುಟುಂಬಗಳಿಗೆ ಎಷ್ಟು ಅನುಕೂಲವಾಗುತ್ತಿತ್ತು!

ಇನ್ನು ಸುಡಾನ್. ಅಲ್ಲಿ 1983ರಿಂದ ನಡೆದಿದ್ದುದು ಅಂತರ್ಯುದ್ಧ. ಉತ್ತರದ ಸರ್ಕಾರದೊಡನೆ ದಕ್ಷಿಣದ ಬಂಡಾಯಗಾರರ ಯುದ್ಧ. 1991ರಲ್ಲಿ ಆ ಬಂಡಾಯಗಾರರೇ ಇಬ್ಭಾಗವಾಗಿ ಪರಸ್ಪರರ ಹಳ್ಳಿಗಳನ್ನು ಸುಟ್ಟು ದನಕರುಗಳನ್ನು ದೋಚಿದರು. ಕೊಂಗೋರ್, ಅಯೋಡ್, ವಾತ್ ಎಂಬ ಮೂರು ಊರುಗಳ ನಡುವಿನ ನೆಲಕ್ಕೆ ಪರಿಹಾರ ಕಾರ್ಯಕರ್ತರು 'ಹಸಿವಿನ ತ್ರಿಕೋನ' ಎಂದು ಹೆಸರಿಟ್ಟರು. ಮಳೆ ಕೈಕೊಟ್ಟು ಮಾತ್ರ ಬಂದ ಹಸಿವಲ್ಲ ಅದು. ಬಂದೂಕು ಹಿಡಿದವರು ಬಿತ್ತಿ ಬೆಳೆಸಿದ ಹಸಿವು. ನಮ್ಮ ಕಥೆಯಲ್ಲಿ ಈ ಯುದ್ಧದ ಸುಳಿವೇ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಲ್ಲಿರುವುದು 'ಬರಗಾಲ' ಎಂಬ ಒಂದೇ ಪದ, ಆಕಾಶದಿಂದ ತಾನಾಗಿ ಬಿದ್ದ ವಿಪತ್ತಿನಂತೆ.

1993ರ ಮಾರ್ಚ್ ತಿಂಗಳಲ್ಲಿ ಕಾರ್ಟರ್ ತನ್ನ ಕೆಲಸಕ್ಕೆ ರಜೆ ಹಾಕಿ, ವಿಮಾನದ ಖರ್ಚಿಗೆ ಸಾಲ ಮಾಡಿ, ಸಿಲ್ವಾನೊಡನೆ ಅಲ್ಲಿಗೆ ಹೊರಟನು. ವಿಶ್ವಸಂಸ್ಥೆಯ 'ಆಪರೇಷನ್ ಲೈಫ್‌ಲೈನ್ ಸುಡಾನ್' ಎಂಬ ಪರಿಹಾರ ಯೋಜನೆಯವರು ಅವರನ್ನು ಅಯೋಡಿಗೆ ಕರೆದೊಯ್ದರು. ವಿಮಾನ ಅಲ್ಲಿ ನಿಲ್ಲುವುದು ಅರ್ಧಗಂಟೆಯಷ್ಟೇ ಎಂದು ಮೊದಲೇ ತಿಳಿಸಲಾಗಿತ್ತು. ಆಹಾರ ಬಂದಿತೆಂದು ತಿಳಿದು ಊರಿನ ತಾಯಿ ತಂದೆಯರು ವಿಮಾನದ ಬಳಿಗೆ ಓಡಿದರು. ಮಕ್ಕಳನ್ನು ಸ್ವಲ್ಪ ಹೊತ್ತು ನೆಲದ ಮೇಲೆ ಬಿಟ್ಟು ಹೋಗಿದ್ದರು. ಚಿತ್ರದ ಮಗುವನ್ನೂ ಹಾಗೆಯೇ ಬಿಟ್ಟಿದ್ದರು ಎಂದು ಸಿಲ್ವಾ ಮುಂದೆ ತಿಳಿಸಿದನು. ಹಸಿದ ಮಕ್ಕಳ ನಡುವೆ ಹೋಗುವವರು, ರೋಗ ಹರಡಬಾರದೆಂದು, ಅವರನ್ನು ಮುಟ್ಟಬಾರದೆಂಬ ಸೂಚನೆಯೂ ಇತ್ತೆಂದು ಹೇಳುತ್ತಾರೆ. ಕಾರ್ಟರ್ ಚಿತ್ರ ತೆಗೆದನು. ತೆಗೆದ ಮೇಲೆ ಹದ್ದನ್ನು ಓಡಿಸಿದನು. ಬಳಿಕ ಒಂದು ಮರದ ಕೆಳಗೆ ಕುಳಿತು ಅತ್ತನು. ಊರಿನಲ್ಲಿದ್ದ ತನ್ನ ಪುಟ್ಟ ಮಗಳನ್ನು ತಬ್ಬಿಕೊಳ್ಳಬೇಕೆಂದು ಗೆಳೆಯನೊಡನೆ ಹೇಳಿದನು.

ಅವನ ದೋಷವನ್ನೂ ಮುಚ್ಚಿಡುವುದು ನ್ಯಾಯವಲ್ಲ. ಹದ್ದು ರೆಕ್ಕೆ ಬಿಚ್ಚಿದರೆ ಚಿತ್ರ ಇನ್ನೂ ಬಲವಾಗಬಹುದೆಂದು ಆತ ಇಪ್ಪತ್ತು ನಿಮಿಷಗಳಷ್ಟು ಕಾಲ ಕಾದನೆಂದು ಆತ ಸತ್ತ ಬಳಿಕ 'ಟೈಮ್' ಪತ್ರಿಕೆ ಬರೆಯಿತು. ಅದು ನಿಜವಾದರೆ ಆ ಇಪ್ಪತ್ತು ನಿಮಿಷ ನನ್ನ ಮನಸ್ಸಿಗೂ ಕಸಿವಿಸಿ ತರುತ್ತದೆ. ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯಬಾರದಿತ್ತೇ ಎಂದು ಕೇಳುವವರು ತಪ್ಪನ್ನೇನೂ ಕೇಳುತ್ತಿಲ್ಲ. ಆತನೂ ಅದನ್ನೇ ಕೇಳಿಕೊಂಡಿದ್ದಾನು. ಆದರೆ ಮಗು ನಿರ್ಜನ ಮರುಭೂಮಿಯಲ್ಲಿ ಸಾಯುತ್ತ ಬಿದ್ದಿತ್ತು, ಅದನ್ನು ಉಳಿಸಬಲ್ಲವನು ಅವನೊಬ್ಬನೇ ಆಗಿದ್ದನು ಎಂಬುದು ಬೇರೆಯ ಮಾತು, ಅದು ಸುಳ್ಳು.

ಚಿತ್ರ 1993ರ ಮಾರ್ಚ್ 26ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮಗುವಿಗೆ ಏನಾಯಿತೆಂದು ಕೇಳಿದವರು ಬಹಳ. ಮಾರ್ಚ್ 30ರಂದು ಸಂಪಾದಕರು ಉತ್ತರ ಕೊಟ್ಟರು: ಹದ್ದನ್ನು ಓಡಿಸಿದ ಮೇಲೆ ಮಗು ಚೇತರಿಸಿಕೊಂಡು ಮತ್ತೆ ಮುಂದಕ್ಕೆ ಹೊರಟಿತೆಂದು ಛಾಯಾಗ್ರಾಹಕ ತಿಳಿಸಿದ್ದಾನೆ, ಅದು ಆಹಾರ ಕೇಂದ್ರವನ್ನು ತಲುಪಿತೋ ಇಲ್ಲವೋ ಗೊತ್ತಿಲ್ಲ. ನಮ್ಮ ಕಥೆಯವರು ಈ ಉತ್ತರದ ಕೊನೆಯ ತುಂಡನ್ನು ಇಟ್ಟುಕೊಂಡು ಮೊದಲ ತುಂಡನ್ನು ಕತ್ತರಿಸಿದರು. 'ಎರಡನೆಯ ಹದ್ದು' ಎಂಬ ಮಾತಿನ ಮೂಲವೂ ದೂರವಾಣಿ ಕರೆಯಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಪತ್ರಿಕೆಯೊಂದು, ಚಿತ್ರ ತೆಗೆದವನೂ ಅಲ್ಲಿದ್ದ ಮತ್ತೊಂದು ಹದ್ದೇ ಎಂಬರ್ಥದಲ್ಲಿ ಬರೆಯಿತು. ಬೆಚ್ಚಗಿನ ಕೋಣೆಯ ಮೇಜಿನ ಮುಂದೆ ಕುಳಿತವರು ಬರೆದ ಆ ವಾಕ್ಯವೇ ಬಾಯಿಂದ ಬಾಯಿಗೆ ಬಂದು ನಮ್ಮ ಪೀಠದವರೆಗೆ ತಲುಪಿತು.

2011ರಲ್ಲಿ ಸ್ಪೇನ್ ದೇಶದ 'ಎಲ್ ಮುಂಡೊ' ಪತ್ರಿಕೆಯ ವರದಿಗಾರನೊಬ್ಬ ಅಯೋಡಿಗೇ ಹೋದನು. ಮಗುವಿನ ತಂದೆಯನ್ನು ಕಂಡನು. ಎಲ್ಲರೂ ಹೆಣ್ಣೆಂದು ತಿಳಿದಿದ್ದ ಆ ಮಗು ಗಂಡು. ಅಂದಿನ ಹಸಿವಿನಿಂದ ಅದು ಸಾಯಲಿಲ್ಲ. ಬೆಳೆದು ದೊಡ್ಡವನಾಗಿ, 2007ರ ಸುಮಾರಿಗೆ ಜ್ವರದಿಂದ ತೀರಿಕೊಂಡನೆಂದು ಮನೆಯವರು ಹೇಳಿದರು. ಅದಕ್ಕಿಂತ ಮುಖ್ಯವಾದುದು ಆ ಚಿತ್ರದಲ್ಲಿಯೇ ಇದೆ. ದಯವಿಟ್ಟು ಮತ್ತೊಮ್ಮೆ ನೋಡಿರಿ. ಮಗುವಿನ ಬಲ ಮುಂಗೈಯಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ 'ಟಿ3' ಎಂಬ ಬರಹ. ತೀವ್ರ ಅಪೌಷ್ಟಿಕತೆಯ ಮಕ್ಕಳ ಪಟ್ಟಿಯಲ್ಲಿ ಮೂರನೆಯವನಾಗಿ ಆಹಾರ ಕೇಂದ್ರದಲ್ಲಿ ಆಗಲೇ ದಾಖಲಾದ ಮಗು ಎಂದು ಅದರ ಅರ್ಥ. ಅಂದರೆ ಯಾರೋ ದಾದಿ ಆ ಎಳೆಯ ಕೈಯನ್ನು ಹಿಡಿದು ಪಟ್ಟಿ ಕಟ್ಟಿದ್ದರು. ಹತ್ತಿರದಲ್ಲಿಯೇ ಕೇಂದ್ರವಿತ್ತು, ಹತ್ತಿರದಲ್ಲಿಯೇ ಹೆತ್ತವರಿದ್ದರು. ಇದೆಲ್ಲ ಹದಿನೆಂಟು ವರ್ಷ ನಮ್ಮ ಕಣ್ಣ ಮುಂದೆಯೇ ಇತ್ತು. ಆ ಚಿತ್ರವನ್ನು ಎತ್ತಿ ತೋರಿಸಿ ಅತ್ತವರಲ್ಲಿ, ಅಳಿಸಿದವರಲ್ಲಿ, ಎಷ್ಟು ಮಂದಿ ಅದನ್ನು ನಿಜವಾಗಿ ನೋಡಿದೆವು?

ಮತ್ತು ಆ ಹೆತ್ತವರ ವಿಷಯ. ಮಗುವಿಗೆ ಅನ್ನ ತರಲು ಓಡಿದ ಒಂದು ಕುಟುಂಬವನ್ನು ನಮ್ಮ ಕಥೆ ಸಂಪೂರ್ಣವಾಗಿ ಅಳಿಸಿಹಾಕಿದೆ. ಆಫ್ರಿಕದ ಮಗುವಿಗೆ ತಾಯಿಯಿಲ್ಲ ತಂದೆಯಿಲ್ಲ ಎಂದು ನಾವು ಎಷ್ಟು ಸುಲಭವಾಗಿ ನಂಬಿಬಿಟ್ಟೆವು! ನಮ್ಮ ಹಳ್ಳಿಯ ಪಡಿತರ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುವ ತಾಯಿ, ಮಗುವನ್ನು ಮರದ ನೆರಳಿನಲ್ಲಿ ಕೂರಿಸಿ ಹೋದರೆ, ಅದನ್ನು ಅನಾಥವೆಂದು ಕರೆಯುತ್ತೇವೆಯೇ?

1994ರ ಏಪ್ರಿಲ್ 12ರಂದು ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಘೋಷಣೆಯಾಯಿತು. ಆರು ದಿನಗಳ ನಂತರ, ಏಪ್ರಿಲ್ 18ರಂದು, ಥೊಕೋಜಾ ಎಂಬ ಬಡಾವಣೆಯ ಗುಂಡಿನ ಕಾಳಗದಲ್ಲಿ ಊಸ್ಟರ್‌ಬ್ರೂಕ್ ಸತ್ತನು. ಮರಿನೋವಿಚ್ ತೀವ್ರವಾಗಿ ಗಾಯಗೊಂಡನು. ಬೆಳಿಗ್ಗೆ ಅವರ ಜೊತೆಯಲ್ಲಿದ್ದ ಕಾರ್ಟರ್ ಮಧ್ಯಾಹ್ನಕ್ಕೆ ಊರಿಗೆ ಮರಳಿದ್ದನು. ಆ ಗುಂಡು ತನಗೆ ಬೀಳಬೇಕಿತ್ತು ಎಂದು ಗೆಳೆಯರೊಡನೆ ಹೇಳುತ್ತಿದ್ದನಂತೆ. ಆಗಲೇ ಮಾದಕ ದ್ರವ್ಯದ ಚಟ, ಸಾಲ, ಮುರಿದ ಸಂಬಂಧಗಳು. ಜುಲೈ ತಿಂಗಳಲ್ಲಿ ಮೊಜಾಂಬಿಕ್ ದೇಶದಲ್ಲಿ ತೆಗೆದ ಚಿತ್ರಗಳ ಫಿಲ್ಮನ್ನು ವಿಮಾನದಲ್ಲಿಯೇ ಮರೆತು ಬಂದನು. ಅದೇ ತಿಂಗಳ 27ರಂದು, ಮೂವತ್ತಮೂರರ ವಯಸ್ಸಿನಲ್ಲಿ, ಬಾಲ್ಯದಲ್ಲಿ ಆಡಿದ ತೊರೆಯ ಬಳಿ ಬದುಕನ್ನು ಮುಗಿಸಿಕೊಂಡನು. ಬಿಟ್ಟುಹೋದ ಪತ್ರದಲ್ಲಿ ಬಾಡಿಗೆಗೂ ಮಗುವಿನ ಪೋಷಣೆಗೂ ಹಣವಿಲ್ಲದ ಸಂಕಟವಿದೆ. ಕಂಡ ಕೊಲೆಗಳ, ಹೆಣಗಳ, ಹಸಿದ ಮತ್ತು ಗಾಯಗೊಂಡ ಮಕ್ಕಳ, ಕೊಲೆಗಡುಕರ ನೆನಪುಗಳ ಕಾಟವಿದೆ. ಸತ್ತ ಗೆಳೆಯನ ಹೆಸರಿದೆ. ಹತ್ತು ವರ್ಷ ಯುದ್ಧವನ್ನು ನೋಡಿದ ಕಣ್ಣುಗಳ ದಣಿವು ಅದು. ಅದನ್ನು ಒಂದು ಮಗು, ಒಂದು ಹದ್ದು, ಒಂದು ಚುಚ್ಚುಮಾತಿಗೆ ಇಳಿಸಿ, ಪಾಪಕ್ಕೆ ತಕ್ಕ ಸಂಬಳವೆಂಬಂತೆ ಹೇಳುವುದು ಕ್ರೌರ್ಯ.

ಆ ಕ್ರೌರ್ಯ ಯಾರಿಗೆ ತಾಗುತ್ತದೆ ಎಂಬುದು ನನಗೆ ಅಂದೇ ತಿಳಿಯಿತು. 2004ರ ಆ ಭಾನುವಾರ, ಪ್ರಬೋಧನೆ ಚೆನ್ನಾಗಿತ್ತೆಂದು ಹೇಳಲು ಬಂದವರೆಲ್ಲ ಹೋದ ಮೇಲೆ, ಒಬ್ಬ ತಾಯಿ ಪೂಜಾವಸ್ತ್ರದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅವರ ಹಿರಿಯ ಮಗ ಅದರ ಹಿಂದಿನ ವರ್ಷ ಹೀಗೆಯೇ ಹೋಗಿದ್ದನು. ಭೂಸ್ಥಾಪನೆ ಮಾಡಿದವನು ನಾನೇ. ಅವರು ಕೋಪದಿಂದ ಮಾತನಾಡಲಿಲ್ಲ. "ಸ್ವಾಮೀ, ಆ ಫೋಟೋದವನು ಮಗುವನ್ನು ಬಿಟ್ಟು ಬಂದ ಪಾಪಕ್ಕೆ ಹಾಗೆ ಮಾಡಿಕೊಂಡ ಅಂದ್ರಿ. ನನ್ನ ಮಗ ಯಾವ ಪಾಪಕ್ಕೆ ಮಾಡಿಕೊಂಡ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತೀವ್ರ ಮಾನಸಿಕ ವ್ಯಥೆ, ಭಯ, ಯಾತನೆಗಳು ಇಂತಹ ಮರಣದ ಹೊಣೆಯನ್ನು ತಗ್ಗಿಸುತ್ತವೆ, ಇಂತಹವರ ನಿತ್ಯರಕ್ಷಣೆಯ ವಿಷಯದಲ್ಲಿ ನಾವು ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 2282 ಮತ್ತು 2283ನೆಯ ಕಂಡಿಕೆಗಳಲ್ಲಿ ಬೋಧಿಸುತ್ತದೆ. ಗುರುಮಠದಲ್ಲಿ ಅದನ್ನು ಓದಿ ಪರೀಕ್ಷೆಯಲ್ಲಿ ಬರೆದು ಉತ್ತೀರ್ಣನಾದವನು ನಾನು. ಪೀಠವೇರಿದಾಗ ಮರೆತೆ.

ಕಾರ್ಟರನ ಕಥೆಯನ್ನು ನಾನು ಹುಡುಕಿ ಓದತೊಡಗಿದ್ದು ಆ ತಾಯಿಯ ಪ್ರಶ್ನೆಯ ಬಳಿಕ. ಗೆಳೆಯರಾದ ಮರಿನೋವಿಚ್ ಮತ್ತು ಸಿಲ್ವಾ 2000ದಲ್ಲಿ ಆ ದಿನಗಳ ಬಗ್ಗೆ ಪುಸ್ತಕ ಬರೆದಿದ್ದರು. ತಿಳಿಯಬೇಕೆನ್ನುವವರಿಗೆ ತಿಳಿಯುವ ದಾರಿ ಆಗಲೂ ಇತ್ತು.

ಈ ಮಾತುಗಳನ್ನು ಹೇಳಿದಾಗ ಯಾಜಕಮಿತ್ರರೊಬ್ಬರು ನಕ್ಕರು. ಕಥೆ ಪೂರ್ತಿ ನಿಜವಲ್ಲದಿದ್ದರೇನು, ನೀತಿ ಒಳ್ಳೆಯದಲ್ಲವೇ, ಯೇಸುಸ್ವಾಮಿಯೂ ಕಥೆಗಳನ್ನು ಹೇಳಲಿಲ್ಲವೇ ಎಂದರು. ಹೇಳಿದರು, ನಿಜ. ಆದರೆ ಯೆರಿಕೋವಿನ ದಾರಿಯಲ್ಲಿ ಹಾದುಹೋದ ಯಾಜಕನಿಗೆ ಅವರು ಹೆಸರಿಡಲಿಲ್ಲ. ಅವನಿಗೆ ಹುಟ್ಟಿದ ಊರಿಲ್ಲ, ಸತ್ತ ದಿನಾಂಕವಿಲ್ಲ, ಅವನನ್ನು 'ಹದ್ದು' ಎಂದು ಕರೆದದ್ದನ್ನು ಮುಂದೊಂದು ದಿನ ಓದುವ ಮಗಳಿಲ್ಲ. ಕಾರ್ಟರನಿಗೆ ಇವೆಲ್ಲ ಇದ್ದವು. ಇನ್ನು ನೀತಿಯ ಮಾತು. ಆ ಸಾಮತಿಯನ್ನು ಪ್ರಚೋದಿಸಿದ ಪ್ರಶ್ನೆ ನನ್ನ ನೆರೆಯವನು ಯಾರು ಎಂಬುದು. ನಮ್ಮ ಕಥೆ ಕೇಳುವ ಪ್ರಶ್ನೆ ತಪ್ಪಿತಸ್ಥ ಯಾರು ಎಂಬುದು, ಮತ್ತು ಅದರ ಉತ್ತರ ಯಾವಾಗಲೂ ಕಥೆ ಕೇಳುವವನಲ್ಲ.

ಇಲ್ಲಿಯೇ ನನ್ನ ದೊಡ್ಡ ತಕರಾರು ಇರುವುದು. ಆ ಚಿತ್ರ ಪ್ರಕಟವಾಗುವುದಕ್ಕೆ ಸುಮಾರು ಒಂದೂವರೆ ತಿಂಗಳು ಮುಂಚೆ, 1993ರ ಫೆಬ್ರವರಿ 10ರಂದು, ಪೋಪ್ ಎರಡನೆಯ ಜಾನ್ ಪಾಲ್ ಅವರು ಸುಡಾನಿನ ರಾಜಧಾನಿ ಖಾರ್ಟೂಮಿಗೆ ಹೋಗಿದ್ದರು. ಯುದ್ಧ ನಡೆಸುತ್ತಿದ್ದ ಆಳುವವರ ನೆಲದಲ್ಲಿಯೇ ನಿಂತು ಶಾಂತಿಯ, ಮಾನವ ಹಕ್ಕುಗಳ ಮಾತನ್ನಾಡಿದರು. ನಮ್ಮ ಮನೆಗಳಲ್ಲಿ ಆ ಭೇಟಿಯನ್ನು ನೆನಪಿಟ್ಟವರು ಯಾರು? ಹದ್ದಿನ ಚಿತ್ರವನ್ನು ಮಾತ್ರ ಎಲ್ಲರೂ ಬಲ್ಲರು. ಆ ಚಿತ್ರ ಅಂದು ಎತ್ತಿದ ಪ್ರಶ್ನೆ ಸರಳವಾಗಿತ್ತು: ಈ ಮಗುವಿನ ಅನ್ನವನ್ನು ಕಸಿದವರು ಯಾರು? ಹಳ್ಳಿ ಸುಟ್ಟವರು, ಅವರ ಕೈಗೆ ಬಂದೂಕು ಕೊಟ್ಟವರು, ಧಾನ್ಯದ ವಿಮಾನವನ್ನು ಇಳಿಯಗೊಡದವರು. ಇಂತಹ ಉತ್ತರವನ್ನು ಹುಡುಕುವುದು ಕಷ್ಟ. ಆದ್ದರಿಂದ ಬಂದೂಕು ಹಿಡಿದವರನ್ನೆಲ್ಲ ಬಿಟ್ಟು, ಕ್ಯಾಮೆರಾ ಹಿಡಿದ ಒಬ್ಬನನ್ನು ಹಿಡಿದು ನಿಲ್ಲಿಸಿದೆವು. ಕೊಲೆಗಾರನನ್ನು ಬಿಟ್ಟು ಸಾಕ್ಷಿದಾರನಿಗೆ ಶಿಕ್ಷೆ ಕೊಟ್ಟೆವು. ಪಿಲಾತನ ಅಂಗಳದಲ್ಲಿ ನಡೆದದ್ದಕ್ಕೂ ಇದಕ್ಕೂ ಎಷ್ಟು ದೂರ?

ಆ ಯುದ್ಧ 2005ರವರೆಗೂ ನಡೆಯಿತು. 2011ರಲ್ಲಿ ದಕ್ಷಿಣ ಸುಡಾನ್ ಸ್ವತಂತ್ರ ದೇಶವಾಯಿತು. 2013ರ ಡಿಸೆಂಬರಿನಲ್ಲಿ ಅಲ್ಲಿಯೂ ಅಂತರ್ಯುದ್ಧ ಹೊತ್ತಿತು. 2017ರಲ್ಲಿ ಅದರ ಕೆಲವು ಭಾಗಗಳಲ್ಲಿ ಕ್ಷಾಮವನ್ನು ಘೋಷಿಸಲಾಯಿತು. ಉತ್ತರದ ಸುಡಾನಿನಲ್ಲಿ 2023ರ ಏಪ್ರಿಲಿನಿಂದ ಮತ್ತೊಂದು ಯುದ್ಧ. 2024ರ ಆಗಸ್ಟಿನಲ್ಲಿ ಡಾರ್ಫುರ್ ಪ್ರಾಂತ್ಯದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿರುವುದು ದೃಢಪಟ್ಟಿತು. ನನ್ನ ಮೊಬೈಲಿಗೆ ಆ ಶಿಬಿರದ ಬಗ್ಗೆ ಯಾರೂ ಏನನ್ನೂ ಕಳುಹಿಸಲಿಲ್ಲ. ಮೂವತ್ತು ವರ್ಷ ಹಿಂದಿನ ಹದ್ದನ್ನು ಮೂವರು ಕಳುಹಿಸಿದರು.

ಸಿಲ್ವಾ ಮುಂದೆಯೂ ಯುದ್ಧಗಳ ಚಿತ್ರ ತೆಗೆಯುತ್ತ ಹೋದನು. 2010ರ ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದ ಕಂದಹಾರದ ಬಳಿ ನೆಲಬಾಂಬಿನ ಮೇಲೆ ಕಾಲಿಟ್ಟು ಎರಡೂ ಕಾಲುಗಳನ್ನು ಕಳೆದುಕೊಂಡನು. ಬಿದ್ದಲ್ಲಿಂದಲೇ ಇನ್ನೂ ಕೆಲವು ಚಿತ್ರಗಳನ್ನು ತೆಗೆದನೆಂದು ವರದಿಯಾಗಿದೆ.

ಶಿಕ್ಷಕಿಗೆ ನಾನು ದೂರವಾಣಿ ಮಾಡಿದೆ. ತರಗತಿಯ ಮಕ್ಕಳಿಗೆ ಚಿತ್ರವನ್ನು ತೋರಿಸುವುದು ಬೇಡವೇ ಎಂದು ಕೇಳಿದರು. ತೋರಿಸಿರಿ ಎಂದೆ, ಮೊದಲು ಮಗುವಿನ ಮುಂಗೈಯನ್ನು ನೋಡಲು ಹೇಳಿರಿ, ಆಮೇಲೆ ಭೂಪಟದಲ್ಲಿ ಅಯೋಡ್ ಎಲ್ಲಿದೆಯೆಂದು ಹುಡುಕಿಸಿರಿ, ಅಲ್ಲಿ ಯಾರು ಯಾರೊಡನೆ ಯುದ್ಧ ಮಾಡುತ್ತಿದ್ದರು ಎಂಬುದನ್ನು ನಾನೇ ಬಂದು ಹೇಳುತ್ತೇನೆ ಎಂದೆ. ಮುಂದಿನ ಭಾನುವಾರ ಎರಡನೆಯ ಪೂಜೆಯ ನಂತರ ಎಂದು ಗೊತ್ತಾಗಿದೆ. 2004ರ ಪ್ರಬೋಧನೆಯನ್ನು ಕೇಳಿದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಅವರೂ ಬರಬಹುದು.